ಡಯಾಲಿಸಿಸ್ ಬೆಡ್ ಮೇಲಿನ ನಾಲ್ಕು ಗಂಟೆ: ಚಳಿ, ಸೆಳೆತ, ಬೇಸರ ಸಂಭಾಳಿಸುವುದು ಹೇಗೆ?

ಡಯಾಲಿಸಿಸ್ ಶುರುವಾದ ಹೊಸದರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. ‘ನಾಲ್ಕು ಗಂಟೆ ಅಲ್ಲಾಡದೆ ಮಲಗಿರಬೇಕಂತೆ, ಏನ್ ಮಾಡೋದು?’ ಕೇಳುವವರು ಕೆಲವೊಮ್ಮೆ ರೋಗಿ. ಜಾಸ್ತಿ ಸಲ ಅವರ ಮಗನೋ ಸೊಸೆಯೋ. ಪುಸ್ತಕ ಓದಿ, ಹಾಡು ಕೇಳಿ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ಮೀನಖಂಡ ಹಿಡಿದುಕೊಂಡು ಒದ್ದಾಡುತ್ತಿರುವವರಿಗೆ ಯಾವ ಹಾಡೂ ಕಿವಿಗೆ ಬೀಳುವುದಿಲ್ಲ. ಮೊದಲು ಮೈಗೆ ಹಿತ ಬೇಕು. ಹೊತ್ತು ಕಳೆಯುವ ಮಾತು ಆಮೇಲಿನದು. ಮೈಗೆ ಹಿತ ಇರುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಬೆಡ್ ಹತ್ತುವ ಮುಂಚೆಯೇ ತೀರ್ಮಾನವಾಗಿರುತ್ತದೆ.

ಇಲ್ಲಿ ಹೇಳುತ್ತಿರುವುದು ಹಿಮೋಡಯಾಲಿಸಿಸ್ ಬಗ್ಗೆ. ಅಂದರೆ ರಕ್ತವನ್ನು ಹೊರಗೆ ತಂದು, ಮೆಷಿನ್‌ನಲ್ಲಿ ಶುದ್ಧ ಮಾಡಿ ವಾಪಸ್ ಒಳಗೆ ಬಿಡುವುದು. ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಸಲ, ಸಲಕ್ಕೆ 4 ಗಂಟೆ. ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ನ ಕಥೆ ಬೇರೆ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂತು. ಈಗ ಜಿಲ್ಲಾಸ್ಪತ್ರೆಗಳಲ್ಲಿ, ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ. ಒಂದೊಂದು ಕಡೆ ಒಂದೊಂದು ನಿಯಮ. ಒಂದು ಕಡೆ ಬೆಡ್ ಮೇಲೆ ತಿಂಡಿ ತಿನ್ನಬಹುದು, ಇನ್ನೊಂದು ಕಡೆ ನೀರಿನ ಬಾಟಲಿಯನ್ನೂ ಒಳಗೆ ಬಿಡುವುದಿಲ್ಲ. ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಮಾತ್ರೆ, ಇನ್ಸುಲಿನ್, ನೀರಿನ ಲೆಕ್ಕದಲ್ಲಿ ನಿಮ್ಮ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಪದೇ ಪದೇ ಕಿವಿಗೆ ಬೀಳುವ ಮೂರು ಮಾತುಗಳಿವೆ. ‘ಫಿಸ್ಟುಲಾ’ ಅಂದರೆ ಕೈಯಲ್ಲಿ ಅಪಧಮನಿ ಮತ್ತು ಅಭಿಧಮನಿಯನ್ನು ಸಣ್ಣ ಆಪರೇಷನ್ ಮಾಡಿ ಜೋಡಿಸಿರುವ ಜಾಗ. ಮುಟ್ಟಿದರೆ ಝುಂ ಅನ್ನುವ ಕಂಪನ ಸಿಗುತ್ತದೆ. ‘ಡ್ರೈ ವೇಟ್’ ಅಂದರೆ ಮೈಯಲ್ಲಿ ಹೆಚ್ಚುವರಿ ನೀರು ಇಲ್ಲದಾಗ ನಿಮ್ಮ ತೂಕ. ‘ಯುಎಫ್’ ಅಂದರೆ ಆ ದಿನ ಮೆಷಿನ್ ನಿಮ್ಮ ಮೈಯಿಂದ ತೆಗೆಯುವ ನೀರು.

1. ಹಿಂದಿನ ಎರಡು ದಿನ: ತೂಕದ ಲೆಕ್ಕ

ಡ್ರೈ ವೇಟ್ 58 ಕೆ.ಜಿ. ಇರುವವರೊಬ್ಬರು 61 ಕೆ.ಜಿ. ಆಗಿ ಬಂದರು ಅಂದುಕೊಳ್ಳಿ. 3 ಲೀಟರ್ ನೀರು ತೆಗೆಯಬೇಕು. 4 ಗಂಟೆಗೆ ಹಂಚಿದರೆ ಗಂಟೆಗೆ 750 ಮಿ.ಲೀ. ಡಾಕ್ಟರುಗಳು ಸಾಮಾನ್ಯವಾಗಿ ಒಂದು ಕೆ.ಜಿ. ತೂಕಕ್ಕೆ ಗಂಟೆಗೆ 13 ಮಿ.ಲೀ. ದಾಟದ ಹಾಗೆ ನೋಡಿಕೊಳ್ಳುತ್ತಾರೆ. 58 ಕೆ.ಜಿ.ಗೆ ಅದು ಸುಮಾರು 754 ಮಿ.ಲೀ. ಅಂದರೆ ಇವರು ಆಗಲೇ ಅಂಚಿಗೆ ಬಂದು ನಿಂತಿದ್ದಾರೆ. ಅದೇ ಮನುಷ್ಯ 60 ಕೆ.ಜಿ. ಇದ್ದಿದ್ದರೆ ಗಂಟೆಗೆ 500 ಮಿ.ಲೀ. ಸಾಕಿತ್ತು. ಕಾಲು ಸೆಳೆತ, ತಲೆಸುತ್ತು, ವಾಂತಿ ಬರುವ ಹಾಗಾಗುವುದು, ಬಿಪಿ ಧಡಕ್ಕನೆ ಇಳಿಯುವುದು, ಇವೆಲ್ಲ ಜಾಸ್ತಿ ಆಗುವುದು ನೀರನ್ನು ಬೇಗ ಬೇಗ ಎಳೆದಾಗಲೇ.

ನೀರು ಕಡಿಮೆ ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಉಪ್ಪು ಕಡಿಮೆ ಮಾಡದೆ ಅದು ಆಗದ ಕೆಲಸ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ತಿಂದು ಬಾಯಾರಿಕೆ ತಡೆದುಕೊಳ್ಳುತ್ತೇನೆ ಅಂದರೆ ಆಗುತ್ತದಾ? ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಏರಿದರೂ ಬಾಯಾರಿಕೆ ಜಾಸ್ತಿ. ಮಜ್ಜಿಗೆ, ಅಂಬಲಿ, ಸಾರು, ಕಾಫಿ ಎಲ್ಲವೂ ನೀರಿನ ಲೆಕ್ಕಕ್ಕೇ ಸೇರುತ್ತವೆ. ಇದನ್ನು ಮರೆಯುವವರೇ ಹೆಚ್ಚು. ದೊಡ್ಡ ಲೋಟ ಎತ್ತಿಟ್ಟು ಕಾಫಿ ಕುಡಿಯುವ ಸಣ್ಣ ಲೋಟದಲ್ಲಿ ಕುಡಿಯಿರಿ. ಬಾಯಿ ಒಣಗಿದರೆ ನೀರು ಮುಕ್ಕಳಿಸಿ ಉಗಿಯಿರಿ, ಏಲಕ್ಕಿ ಅಗಿಯಿರಿ.

ಎಚ್ಚರ: ‘ಎಳನೀರು ತಂಪು, ಕಿಡ್ನಿಗೆ ಒಳ್ಳೇದು’ ಅಂತ ನೆಂಟರು ತಂದುಕೊಡುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಡಯಾಲಿಸಿಸ್ ಮಾಡಿಸುವವರಿಗೆ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ. ತಂದವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಬೇಡ ಅನ್ನಿ.

2. ಹಿಂದಿನ ರಾತ್ರಿ: ಚೀಲ ತುಂಬುವುದು

ಒಂದು ಚೀಲವನ್ನು ಡಯಾಲಿಸಿಸ್‌ಗೆ ಅಂತಲೇ ಮೀಸಲಿಡಿ. ಪ್ರತಿ ಸಲ ಹುಡುಕಾಡುವುದು ತಪ್ಪುತ್ತದೆ. ಅದರಲ್ಲಿ ಇರಬೇಕಾದ್ದು:

- ಶಾಲು ಅಥವಾ ತೆಳು ರಗ್ಗು, ಸಾಕ್ಸ್, ಕಿವಿ ಮುಚ್ಚುವ ಟೋಪಿ
- ಎರಡು ಟವೆಲ್. ಒಂದನ್ನು ಮಡಚಿ ಮೊಣಕೈ ಕೆಳಗಿಡಲು
- ಇಯರ್‌ಫೋನ್, ಉದ್ದ ವೈರಿನ ಚಾರ್ಜರ್ ಅಥವಾ ಪವರ್ ಬ್ಯಾಂಕ್
- ಫೋನ್ ಸ್ಟ್ಯಾಂಡ್, ಕ್ಲಿಪ್ ಇರುವ ಪರೀಕ್ಷೆಯ ಪ್ಯಾಡ್, ಪೆನ್ನು
- ಡಯಾಲಿಸಿಸ್ ಪುಸ್ತಕ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ
- ಶುಗರ್ ಇದ್ದವರಿಗೆ ಗ್ಲುಕೋಸ್ ಪುಡಿ ಅಥವಾ ನಾಲ್ಕು ಚಮಚ ಸಕ್ಕರೆ

ಕೇಳುವುದು, ನೋಡುವುದು ಏನಿದ್ದರೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬಹಳ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕ ಇರುವುದು ನೆಲಮಾಳಿಗೆಯಲ್ಲೋ ಹಿಂದಿನ ಕಟ್ಟಡದಲ್ಲೋ. ನೆಟ್‌ವರ್ಕ್ ನಂಬಿಕೊಂಡು ಹೋದರೆ ತಿರುಗುವ ಚಕ್ರ ನೋಡುತ್ತಾ ಮಲಗಬೇಕಾಗುತ್ತದೆ. ಚಿನ್ನದ ಒಡವೆ, ಜಾಸ್ತಿ ದುಡ್ಡು ತರಬೇಡಿ.

3. ಬಟ್ಟೆ

ಫಿಸ್ಟುಲಾ ಇರುವ ಕೈಗೆ ಬಿಗಿ ತೋಳು ಬೇಡ. ತೋಳನ್ನು ಮೇಲೆ ಸುತ್ತಿದಾಗ ಅದೇ ಪಟ್ಟಿ ಕಟ್ಟಿದಂತೆ ಒತ್ತುತ್ತದೆ. ಗಂಡಸರಿಗೆ ಸಡಿಲವಾದ ಅರ್ಧ ತೋಳಿನ ಅಂಗಿ ಸಾಕು. ಹೆಂಗಸರಿಗೆ ಸೀರೆಯ ಕುಪ್ಪಸವೇ ತೊಂದರೆ, ಅದರ ತೋಳು ಬಿಗಿ. ಒಂದೆರಡು ಕುಪ್ಪಸದ ಆ ಒಂದು ತೋಳನ್ನು ಟೈಲರ್ ಹತ್ತಿರ ಸಡಿಲ ಮಾಡಿಸಿ, ಇಲ್ಲವೇ ಮುಂದೆ ಜಿಪ್ ಇರುವ ನೈಟಿ ಒಯ್ದು ಅಲ್ಲೇ ಬದಲಾಯಿಸಿ. ಕುತ್ತಿಗೆಗೆ ಕ್ಯಾಥೆಟರ್, ಅಂದರೆ ರಕ್ತ ಹೋಗಿಬರುವ ಮೆತ್ತನೆಯ ನಳಿಕೆ ಹಾಕಿರುವವರಿಗೂ ಮುಂದೆ ಗುಂಡಿ ಅಥವಾ ಜಿಪ್ ಇರುವ ಬಟ್ಟೆಯೇ ಅನುಕೂಲ. ತಲೆ ಮೇಲಿಂದ ಎಳೆಯುವ ಟೀ ಶರ್ಟ್ ಕ್ಯಾಥೆಟರ್‌ಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಆ ಕೈಗೆ ವಾಚು, ಬಿಗಿ ಬಳೆ, ಕಟ್ಟಿದ ದಾರ ಯಾವುದೂ ಬೇಡ. ಡಯಾಲಿಸಿಸ್ ದಿನ ಆ ಕೈಗೆ ಎಣ್ಣೆಯನ್ನೂ ಹಚ್ಚಬೇಡಿ. ಮೈ ತುರಿಕೆ ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋದರೆ ಸೂಜಿ ಹಿಡಿದಿಡುವ ಟೇಪು ಅಂಟುವುದಿಲ್ಲ.

4. ತಿಂಡಿ, ಮಾತ್ರೆ, ಬಾತ್‌ರೂಂ

ಹಸಿದ ಹೊಟ್ಟೆಯಲ್ಲೂ ಹೋಗಬೇಡಿ, ಹೊಟ್ಟೆ ಬಿರಿಯ ತಿಂದೂ ಹೋಗಬೇಡಿ. ಊಟ ಆದ ಮೇಲೆ ರಕ್ತ ಜಾಸ್ತಿ ಹೊಟ್ಟೆಯ ಕಡೆ ಹರಿಯುತ್ತದೆ. ಅದೇ ಹೊತ್ತಿಗೆ ಮೆಷಿನ್ ನೀರು ಎಳೆಯುತ್ತಿದ್ದರೆ ಬಿಪಿ ಇಳಿಯುತ್ತದೆ. ಒಂದೆರಡು ಗಂಟೆ ಮುಂಚೆ ಎರಡು ಮೂರು ಇಡ್ಲಿಯೋ ದೋಸೆಯೋ ಸಾಕು. ಒಳಗೆ ತಿನ್ನಲು ಬಿಡುತ್ತಾರೆ ಅಂದರೂ ಸ್ವಲ್ಪವೇ ತಿನ್ನಿ. ಇದು ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಕೆಲವರು ಬೆಡ್ ಮೇಲೆ ಚಿತ್ರಾನ್ನ ತಿಂದು ಆರಾಮಾಗಿರುತ್ತಾರೆ. ಒಂದು ಸಲ ಬಿಪಿ ಇಳಿದವರು ಅವರನ್ನು ನೋಡಿ ಆಸೆ ಪಡಬಾರದು.

ಬೆಳಗಿನ ಬಿಪಿ ಮಾತ್ರೆ ತಗೊಂಡು ಬರಬೇಕಾ, ಮುಗಿದ ಮೇಲೆ ತಗೋಬೇಕಾ? ಇನ್ಸುಲಿನ್ ಎಷ್ಟು? ಈ ಎರಡನ್ನು ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಪಕ್ಕದ ಬೆಡ್‌ನವರನ್ನು ಕೇಳಿ ಮಾಡುವ ಕೆಲಸ ಅಲ್ಲ ಇದು. ಬೆಡ್ ಹತ್ತುವ ಮುಂಚೆ ತಪ್ಪದೆ ಬಾತ್‌ರೂಂಗೆ ಹೋಗಿಬನ್ನಿ. ಒಮ್ಮೆ ಆನ್ ಆದ ಮೇಲೆ ಇಳಿಯುವುದು ದೊಡ್ಡ ರಗಳೆ.

5. ಸೂಜಿ

ದಿನದ ಅತಿ ಕೆಟ್ಟ ಎರಡು ನಿಮಿಷ ಇದೇ. ನೋವು ತಡೆಯಲಾಗದಿದ್ದರೆ ಚರ್ಮ ಜುಮ್ಮೆನ್ನಿಸುವ ಲಿಗ್ನೊಕೇನ್–ಪ್ರಿಲೊಕೇನ್ ಮುಲಾಮು ಬರುತ್ತದೆ. ಡಾಕ್ಟರ್ ಒಪ್ಪಿದರೆ ಸುಮಾರು ಒಂದು ಗಂಟೆ ಮುಂಚೆ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ. ಆಸ್ಪತ್ರೆಗೆ ಬಂದು ಹಚ್ಚಿದರೆ ಪ್ರಯೋಜನ ಇಲ್ಲ, ಕೆಲಸ ಶುರುಮಾಡಲು ಅದಕ್ಕೆ ಅಷ್ಟು ಹೊತ್ತು ಬೇಕು. ಚುಚ್ಚುವ ಮುಂಚೆ ಪೂರ್ತಿ ಒರೆಸಿ, ಕೈಯನ್ನು ಸೋಪು ಹಾಕಿ ತೊಳೆಯಿರಿ. ಮುಲಾಮು ಹಚ್ಚದಿದ್ದರೂ ತೊಳೆಯಲೇಬೇಕು.

ಎಚ್ಚರ: ‘ಅಲ್ಲೇ ಚುಚ್ಚಿ ಸಾರ್, ಅಲ್ಲಿ ನೋವಾಗಲ್ಲ’ ಅಂತ ಬಹಳ ಜನ ಹೇಳುತ್ತಾರೆ. ಒಂದೇ ಕಡೆ ಚುಚ್ಚಿ ಚುಚ್ಚಿ ಚರ್ಮ ಮರಗಟ್ಟಿದೆ, ನೋವು ಇಲ್ಲ ನಿಜ. ಆದರೆ ಆ ಜಾಗದಲ್ಲಿ ರಕ್ತನಾಳದ ಗೋಡೆ ತೆಳುವಾಗಿ ಉಬ್ಬುತ್ತದೆ. ಕೈ ಮೇಲೆ ಗೋಲಿಯಂತೆ ಎದ್ದಿರುವ ಗಂಟುಗಳನ್ನು ನೀವು ನೋಡಿರುತ್ತೀರಿ. ನಿಮಗೆ ಬೇರೆ ವಿಧಾನ ಅಂತ ಡಾಕ್ಟರ್ ಹೇಳಿರದಿದ್ದರೆ ಜಾಗ ಬದಲಾಯಿಸಲು ಬಿಡಿ.

ಡಯಲೈಸರ್ ಅಂದರೆ ರಕ್ತ ಸೋಸುವ ಕೊಳವೆ. ಕೆಲವು ಕಡೆ ಅದನ್ನು ತೊಳೆದು ಅದೇ ರೋಗಿಗೆ ಮತ್ತೆ ಬಳಸುತ್ತಾರೆ. ಅಂಥ ಕಡೆ ಅದರ ಮೇಲಿನ ಚೀಟಿಯಲ್ಲಿ ನಿಮ್ಮದೇ ಹೆಸರು, ನಂಬರ್ ಇದೆಯಾ ಅಂತ ಪ್ರತಿ ಸಲ ಓದಿ ನೋಡಿ. ಟೆಕ್ನಿಷಿಯನ್‌ಗಳು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ನೋಡಿ.

6. ಮಲಗಿದ ಮೇಲಿನ ಮೊದಲ ಅರ್ಧ ಗಂಟೆ

ನಿಮಿಷಕ್ಕೆ 250–300 ಮಿ.ಲೀ. ರಕ್ತ ಪ್ಲಾಸ್ಟಿಕ್ ನಳಿಕೆಗಳಲ್ಲಿ ಹೊರಗೆ ಹೋಗಿ ಬರುತ್ತಿರುತ್ತದೆ. ಬರುವಾಗ ಸ್ವಲ್ಪ ತಣ್ಣಗಾಗಿರುತ್ತದೆ. ಮೇಲೆ ಎಸಿ ಬೇರೆ. ಕೆಲವರಿಗೆ ಬಿಪಿ ಇಳಿಯದಿರಲಿ ಅಂತ ಡಯಾಲಿಸಿಸ್ ದ್ರವದ ಉಷ್ಣತೆಯನ್ನೇ ಬೇಕಂತ ಸ್ವಲ್ಪ ಕಡಿಮೆ ಇಟ್ಟಿರುತ್ತಾರೆ. ಹಾಗಾಗಿ ಕಲಬುರಗಿಯ ಮೇ ತಿಂಗಳ ಬಿಸಿಲಲ್ಲೂ ಒಳಗೆ ಚಳಿ ಹಿಡಿಯುತ್ತದೆ. ಚಳಿ ಶುರುವಾದ ಮೇಲೆ ಹೊದೆಯುವುದಲ್ಲ. ಸಾಕ್ಸ್, ಟೋಪಿ ಮೊದಲೇ ಹಾಕಿಕೊಂಡು ಮಲಗಿ.

ಚಳಿ ಅಂತ ಬಿಸಿನೀರಿನ ಬ್ಯಾಗ್ ಮಾತ್ರ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರಿಗೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ಬರೀ ಚಳಿ ಬೇರೆ, ಗಡಗಡ ನಡುಕದ ಜೊತೆ ಜ್ವರ ಬರುವುದು ಬೇರೆ. ಅದು ಸೋಂಕಿನ ಲಕ್ಷಣ ಇರಬಹುದು, ಕ್ಯಾಥೆಟರ್ ಇದ್ದವರಿಗಂತೂ ಇನ್ನೂ ಜಾಸ್ತಿ. ಕೂಡಲೇ ಹೇಳಿ.

ಸೂಜಿ ಇರುವ ಕೈಯನ್ನು ಹೊದಿಕೆಯಿಂದ ಮುಚ್ಚಬಾರದು. ಇದು ಈ ಲೇಖನದಲ್ಲೇ ಮುಖ್ಯವಾದ ಎಚ್ಚರಿಕೆ. ನಿದ್ದೆಯಲ್ಲಿ ಸೂಜಿ ಜಾರಿದರೆ ರಕ್ತ ಹೋಗುತ್ತಿರುವುದು ಹೊದಿಕೆ ಕೆಳಗೆ ಯಾರಿಗೂ ಕಾಣುವುದಿಲ್ಲ. ಮೆಷಿನ್ ಪ್ರತಿ ಸಲವೂ ಅದನ್ನು ಹಿಡಿಯುತ್ತದೆ ಅನ್ನುವ ಹಾಗಿಲ್ಲ. ಶಾಲನ್ನು ಭುಜದವರೆಗೆ ಹೊದ್ದು ಆ ಒಂದು ಕೈ ಹೊರಗಿರಲಿ. ಕುತ್ತಿಗೆಯ ಕ್ಯಾಥೆಟರ್‌ಗೂ ಇದೇ ಮಾತು, ಮುಖದವರೆಗೆ ಮುಸುಕು ಹಾಕಬೇಡಿ.

ಮಡಚಿದ ಟವೆಲನ್ನು ಮೊಣಕೈ ಕೆಳಗೆ ಇಟ್ಟರೆ ಕೈ ತಾನಾಗಿ ನೇರ ನಿಲ್ಲುತ್ತದೆ. ಮೆಷಿನ್ ಕೂಗಿದರೆ ಹೆದರಬೇಡಿ. ಬಹಳ ಸಲ ನೀವು ಕೈ ಮಡಚಿರುತ್ತೀರಿ ಅಥವಾ ನಳಿಕೆ ಎಲ್ಲೋ ಬಾಗಿರುತ್ತದೆ, ಅಷ್ಟೇ. ಆದರೆ ಅಲಾರ್ಮ್ ಆಫ್ ಮಾಡುವ ಗುಂಡಿಯನ್ನು ನೀವಾಗಲಿ ನಿಮ್ಮ ಮನೆಯವರಾಗಲಿ ಮುಟ್ಟಬೇಡಿ. ಎಷ್ಟೇ ಹಳಬರಾಗಿದ್ದರೂ ಅಷ್ಟೇ.

7. ಹೊತ್ತು ಕಳೆಯುವುದು

ಒಂದೇ ಕೈ ಬಳಸಿ ಏನು ಮಾಡಬಹುದು ಅನ್ನುವುದು ಮೊದಲ ಲೆಕ್ಕ. ಫಿಸ್ಟುಲಾವನ್ನು ಸಾಮಾನ್ಯವಾಗಿ ಜಾಸ್ತಿ ಬಳಸದ ಕೈಗೆ ಮಾಡಿರುತ್ತಾರೆ. ಬಲಗೈಯವರಿಗೆ ಬರೆಯುವ ಕೈ ಖಾಲಿ ಇರುತ್ತದೆ. ಬರೆಯಲು ಹೋದರೆ ಹಾಳೆ ಜಾರುತ್ತದೆ, ಅದಕ್ಕೇ ಕ್ಲಿಪ್ ಇರುವ ಪ್ಯಾಡ್. ಪೇಪರಿನ ಪದಬಂಧ, ಸುಡೊಕು ಪುಟವನ್ನು ಕತ್ತರಿಸಿ ಅದಕ್ಕೆ ಸಿಕ್ಕಿಸಿಕೊಂಡು ಬನ್ನಿ. ಅಗಲವಾದ ಪೇಪರನ್ನು ಒಂದು ಕೈಯಲ್ಲಿ ಬಿಡಿಸುವುದು ಸರ್ಕಸ್. ದಪ್ಪ ಕಾದಂಬರಿಯೂ ಕಷ್ಟ, ಅರ್ಧ ಗಂಟೆಗೆ ಮಣಿಕಟ್ಟು ಸೋಲುತ್ತದೆ. ತೆಳು ಪುಸ್ತಕ, ವಾರಪತ್ರಿಕೆ, ಕಥಾಸಂಕಲನ ವಾಸಿ. ಇಲ್ಲವೇ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದಿ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಕ್ಯಾಥೆಟರ್ ಇದ್ದವರಿಗೆ ಎರಡೂ ಕೈ ಖಾಲಿ. ಈ ಒಂದು ವಿಷಯದಲ್ಲಿ ಅವರೇ ಪುಣ್ಯವಂತರು.

ನನ್ನ ಅನಿಸಿಕೆಯಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಕೊಡುವುದು ಒಳ್ಳೆಯದು. ಮಲಗಿಕೊಂಡು ಸಣ್ಣ ತೆರೆ ನೋಡುತ್ತಿದ್ದರೆ ಎರಡನೇ ಗಂಟೆಗೇ ತಲೆನೋವು ಶುರು. ಇದಕ್ಕೆ ಹೇಳಿ ಮಾಡಿಸಿದ್ದು ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ, ನೋಡುವಂಥದ್ದೇನೂ ಇಲ್ಲ, ಬರೀ ಪದ್ಯ ಮತ್ತು ಮಾತು. ಒಂದು ಪ್ರಸಂಗ ಎರಡು ಮೂರು ಗಂಟೆ ಸಲೀಸಾಗಿ ಹೋಗುತ್ತದೆ. ಕೃಷ್ಣ ಕೌರವನ ವಾದ ಕೇಳುತ್ತಿದ್ದರೆ ಬಿಪಿ ನೋಡಲು ಯಾವಾಗ ಬಂದರೋ ಗೊತ್ತಾಗುವುದಿಲ್ಲ. ಕರಾವಳಿ, ಮಲೆನಾಡಿನವರಿಗೆ ಇದು ಹೊಸದಲ್ಲ. ಉಳಿದವರೂ ಒಮ್ಮೆ ಕೇಳಿ ನೋಡಿ. ಗಮಕ, ಹರಿಕಥೆ, ಹಳೆಯ ನಾಟಕಗಳ ಆಡಿಯೊ ಕೂಡ ಸಿಗುತ್ತದೆ. ನೆಟ್‌ವರ್ಕ್ ಚೆನ್ನಾಗಿದ್ದರೆ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳು ಬರುತ್ತವೆ.

ಇಯರ್‌ಫೋನ್ ಒಂದೇ ಕಿವಿಗೆ ಹಾಕಿ. ನಿಮ್ಮ ಮೆಷಿನ್ ಕೂಗಿದ್ದು, ಸಿಸ್ಟರ್ ಕರೆದದ್ದು ಇನ್ನೊಂದು ಕಿವಿಗೆ ಕೇಳಬೇಕು.

ಕೂತು ಮಾಡುವ ಕೆಲಸದವರು ಲ್ಯಾಪ್‌ಟಾಪ್ ತರುತ್ತಾರೆ. ತರಲಿ. ಆದರೆ ಮೇಲ್ ಓದುವುದು, ಲೆಕ್ಕ ನೋಡುವುದನ್ನೆಲ್ಲ ಮೊದಲ ಎರಡು ಗಂಟೆಯಲ್ಲೇ ಮುಗಿಸಿ. ಆಮೇಲೆ ತಲೆ ಮಂಕಾಗುತ್ತದೆ. ದುಡ್ಡು ಕಳಿಸುವುದು, ಸಹಿ ಹಾಕುವುದು ಆ ಹೊತ್ತಿನಲ್ಲಿ ಬೇಡ.

ಕಾಲಿಗೂ ಸ್ವಲ್ಪ ಕೆಲಸ ಕೊಡಿ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಗಿರಕಿ ತಿರುಗಿಸುವುದು, ಮೊಣಕಾಲನ್ನು ನಿಧಾನ ಮಡಚಿ ಬಿಡುವುದು. ಡಾಕ್ಟರ್ ಒಪ್ಪಿಗೆ ಇದ್ದರೆ ಮೊದಲ ಎರಡು ಗಂಟೆಯೊಳಗೆ ಮಾಡಿ. ಬಿಪಿ ಇಳಿಯುವ ಹೊತ್ತಿನಲ್ಲಿ ಬೇಡ. ಹೊಸ ಫಿಸ್ಟುಲಾ ಬೆಳೆಯಲಿ ಅಂತ ರಬ್ಬರ್ ಚೆಂಡು ಒತ್ತಲು ಹೇಳಿರುತ್ತಾರೆ. ಅದು ಮನೆಯಲ್ಲಿ ಮಾಡುವ ವ್ಯಾಯಾಮ, ಸೂಜಿ ಇರುವಾಗ ಅಲ್ಲ.

ಇನ್ನು ಮಾತುಕತೆ. ಒಂದೇ ಶಿಫ್ಟಿನವರು ವಾರಕ್ಕೆ ಮೂರು ಸಲ ಎದುರಾಗುತ್ತಾರೆ, ಸ್ನೇಹ ಬೆಳೆಯುತ್ತದೆ. ಮಳೆ, ಅಡಿಕೆ ರೇಟು, ಮಗಳ ಮದುವೆ ಏನು ಬೇಕಾದರೂ ಮಾತಾಡಿ. ಎರಡು ವಿಷಯ ಬಿಡಿ. ಒಂದು, ‘ನಿಮ್ದು ಕ್ರಿಯಾಟಿನಿನ್ ಎಷ್ಟು?’ ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ, ರಕ್ತ ಪರೀಕ್ಷೆಯಲ್ಲಿ ಅಳೆಯುವ ಒಂದು ಕಸ. ಮೈಕಟ್ಟು, ಮಾಂಸಖಂಡ ಜಾಸ್ತಿ ಇರುವವರಿಗೆ ಅದು ಸಹಜವಾಗಿ ಜಾಸ್ತಿ ಇರುತ್ತದೆ. ಡಯಾಲಿಸಿಸ್‌ನಲ್ಲಿ ಇರುವವರು ಅದನ್ನು ಪರಸ್ಪರ ಹೋಲಿಸುವುದರಲ್ಲಿ ಅರ್ಥವಿಲ್ಲ, ಸುಮ್ನೆ ತಲೆ ಕೆಡುತ್ತದೆ. ಎರಡು, ಯಾವುದೋ ಊರಲ್ಲಿ ಬೇರು ಅರೆದು ಕೊಟ್ಟರಂತೆ, ಡಯಾಲಿಸಿಸ್ ನಿಂತೇ ಹೋಯಿತಂತೆ ಅನ್ನುವ ಕಥೆ. ಅದನ್ನು ನಂಬಿ ಸೆಷನ್ ತಪ್ಪಿಸಿದವರು ಉಬ್ಬಸ ಬಂದು ಎಮರ್ಜೆನ್ಸಿ ಬಾಗಿಲಲ್ಲಿ ಸಿಗುತ್ತಾರೆ.

ನಿದ್ದೆ ಬಂದರೆ? ಮಲಗಿ. ಅದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

8. ಕೊನೆಯ ಗಂಟೆ

ಮೂರು ಗಂಟೆ ಆರಾಮಾಗಿ ಹೋದದ್ದು ಕೊನೆಯ ಗಂಟೆಯಲ್ಲಿ ಕೆಡುವುದುಂಟು. ಅಷ್ಟು ಹೊತ್ತಿಗೆ ಆ ದಿನ ತೆಗೆಯಬೇಕಾದ ನೀರಿನಲ್ಲಿ ಮುಕ್ಕಾಲು ಪಾಲು ಹೋಗಿರುತ್ತದೆ. ಗಡಿಯಾರ ಬೇರೆ ನಿಂತೇ ಹೋದ ಹಾಗಿರುತ್ತದೆ. ಅದಕ್ಕೇ ಇಷ್ಟವಾದದ್ದನ್ನು ಮೊದಲೇ ಕೇಳಿ ಖಾಲಿ ಮಾಡಬೇಡಿ. ಧಾರಾವಾಹಿಯ ಹೊಸ ಕಂತು, ಮೊಮ್ಮಗಳ ವಿಡಿಯೊ ಕಾಲ್, ಕ್ರಿಕೆಟ್ ಹೈಲೈಟ್ಸ್, ಯಾವುದಾದರೂ ಒಂದನ್ನು ಈ ಗಂಟೆಗೆ ಉಳಿಸಿಕೊಳ್ಳಿ.

ಮೈ ಕೊಡುವ ಸುಳಿವನ್ನು ಗಮನಿಸಿ. ಮೇಲಿಂದ ಮೇಲೆ ಆಕಳಿಕೆ, ತಣ್ಣನೆ ಬೆವರು, ಕಣ್ಣು ಮಂಜಾಗುವುದು, ಹೊಟ್ಟೆ ತೊಳಸುವುದು, ಇವು ಬಿಪಿ ಇಳಿಯುತ್ತಿರುವ ಗುರುತು. ಆಕಳಿಕೆಯನ್ನು ನಿದ್ದೆ ಅಂತ ತಿಳಿದು ಸುಮ್ಮನಿರುವವರು ಬಹಳ. ಕೂಡಲೇ ಕರೆಯಿರಿ. ಅವರು ತಲೆ ತಗ್ಗಿಸಿ, ಕಾಲು ಎತ್ತರಿಸಿ, ನೀರು ಎಳೆಯುವುದನ್ನು ನಿಲ್ಲಿಸಿ, ಬೇಕಾದರೆ ಸಲೈನ್ ಕೊಡುತ್ತಾರೆ. ಶುಗರ್ ಇದ್ದವರಿಗೆ ಸಕ್ಕರೆ ಇಳಿದರೂ ಹೆಚ್ಚುಕಡಿಮೆ ಇದೇ ಲಕ್ಷಣ. ಹಾಗಾಗಿ ಶುಗರ್ ಕೂಡ ಪರೀಕ್ಷೆ ಮಾಡಿಸಿ. ಎದೆನೋವು, ಉಸಿರಾಟದ ಕಷ್ಟ ಇದ್ದರೆ ಒಂದು ಕ್ಷಣವೂ ಕಾಯಬೇಡಿ, ಕೂಗಿ ಕರೆಯಿರಿ.

ಮೀನಖಂಡ ಹಿಡಿದರೆ ಕಾಲ್ಬೆರಳುಗಳನ್ನು ನಿಮ್ಮ ಮುಖದ ಕಡೆಗೆ ಎಳೆದಂತೆ ಬಗ್ಗಿಸಿ. ಬೆಡ್‌ನ ಕೊನೆಯ ಹಲಗೆಗೆ ಪಾದ ಒತ್ತಿದರೂ ಆಗುತ್ತದೆ. ಹಲ್ಲು ಕಚ್ಚಿ ತಡೆದುಕೊಂಡರೆ ಯಾರೂ ಬಹುಮಾನ ಕೊಡುವುದಿಲ್ಲ. ಹೇಳಿದರೆ ಯುಎಫ್ ಕಡಿಮೆ ಮಾಡುತ್ತಾರೆ. ಪ್ರತಿ ಸಲ ಹೀಗೇ ಆಗುತ್ತಿದ್ದರೆ ಡ್ರೈ ವೇಟ್ ಸರಿಯಾಗಿದೆಯಾ ಅಂತ ಡಾಕ್ಟರನ್ನು ಕೇಳಿ. ಊಟ ಸೇರಿ ನಿಜವಾಗಿಯೇ ಮೈ ಬಂದಿದ್ದರೆ ಹಳೆಯ ಡ್ರೈ ವೇಟ್ ಈಗ ನಿಮ್ಮದಲ್ಲ.

ಎಚ್ಚರ: ‘ಅರ್ಧ ಗಂಟೆ ಮುಂಚೆ ತೆಗೆದುಬಿಡಿ ಸಿಸ್ಟರ್, ಬಸ್ ಹೋಗುತ್ತೆ.’ ವಾರಕ್ಕೆ ಮೂರು ಸಲ ಅರ್ಧರ್ಧ ಗಂಟೆ ಕಡಿತಗೊಳಿಸಿದರೆ ತಿಂಗಳಿಗೆ ಆರು ಗಂಟೆ, ಅಂದರೆ ಒಂದೂವರೆ ಸೆಷನ್ ಹೋಯಿತು. ಬಸ್ ಸಮಯಕ್ಕೆ ಹೊಂದುವ ಶಿಫ್ಟ್ ಕೇಳಿ ಬದಲಾಯಿಸಿಕೊಳ್ಳುವುದೇ ಸರಿ.

9. ಏಳುವಾಗ

ಸೂಜಿ ತೆಗೆದ ಜಾಗವನ್ನು ಎರಡು ಬೆರಳಿನಿಂದ 10–15 ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಮಧ್ಯೆ ಮಧ್ಯೆ ಎತ್ತಿ ನೋಡಬೇಡಿ, ನೋಡಿದಷ್ಟೂ ತಡ. ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಟ್ಟಿರುತ್ತಾರೆ, ಅದರ ಪ್ರಭಾವ ಇನ್ನೂ ಇರುತ್ತದೆ. ತೀರಾ ಗಟ್ಟಿಯಾಗಿಯೂ ಒತ್ತಬಾರದು, ಫಿಸ್ಟುಲಾದ ಝುಂಕಾರ ಕೈಗೆ ಸಿಗುತ್ತಿರಬೇಕು. ಪಟ್ಟಿ ಎಷ್ಟು ಹೊತ್ತಿಗೆ ಬಿಚ್ಚಬೇಕು ಅಂತ ಕೇಳಿಕೊಂಡೇ ಹೋಗಿ. ಬಿಗಿ ಪಟ್ಟಿಯನ್ನು ರಾತ್ರಿಯೆಲ್ಲ ಬಿಟ್ಟರೆ ಫಿಸ್ಟುಲಾ ಮುಚ್ಚಿಹೋಗಬಹುದು.

ಎದ್ದು ಕೂತು ಐದು ನಿಮಿಷ ಕಾಲು ಇಳಿಬಿಡಿ, ಆಮೇಲೆ ನಿಲ್ಲಿ. ಬಿಪಿ, ತೂಕ ಬರೆಸಿಕೊಳ್ಳಿ. ಆ ದಿನ ಸ್ಕೂಟರ್ ಓಡಿಸಬೇಡಿ. ಮನೆಗೆ ಹೋಗಿ ಕೂಡಲೇ ಬಿಸಿ ಬಿಸಿ ನೀರು ಹುಯ್ದುಕೊಳ್ಳುವುದೂ ಬೇಡ, ಬಿಪಿ ಮತ್ತೆ ಇಳಿಯುತ್ತದೆ. ದಾರಿಯಲ್ಲೋ ಮನೆಯಲ್ಲೋ ರಕ್ತ ಮತ್ತೆ ಬಂದರೆ ಗಾಬರಿಯಾಗದೆ ಅಲ್ಲೇ ಒತ್ತಿ, ಕೈ ಮೇಲೆತ್ತಿ. ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಜೊತೆಗೆ ಬಂದವರಿಗೆ

ನಿಮಗೂ ಅದೇ ನಾಲ್ಕು ಗಂಟೆ, ಅದೂ ಹೊರಗಿನ ಸ್ಟೀಲ್ ಕುರ್ಚಿಯ ಮೇಲೆ. ಬಾಗಿಲ ಗಾಜಿನಲ್ಲಿ ಇಣುಕುತ್ತಾ ನಿಲ್ಲುವ ಅಗತ್ಯ ಇಲ್ಲ. ಮೊದಲ ಅರ್ಧ ಗಂಟೆ ಮತ್ತು ಕೊನೆಯ ಒಂದು ಗಂಟೆ ಹತ್ತಿರದಲ್ಲಿರಿ. ಮಧ್ಯದ ಹೊತ್ತಿನಲ್ಲಿ ಊಟ ಮಾಡಿ, ಔಷಧಿ ತನ್ನಿ, ನಿದ್ದೆ ಮಾಡಿ. ನಿಮ್ಮ ನಂಬರನ್ನು ಟೆಕ್ನಿಷಿಯನ್ ಹತ್ತಿರ ಬರೆಸಿ, ಫೋನ್ ಸೈಲೆಂಟ್‌ಗೆ ಹಾಕದೆ ಜೇಬಿನಲ್ಲಿಟ್ಟುಕೊಳ್ಳಿ.